ಹೊಲದಲ್ಲಿ ಗಾಂಜಾ ಗಿಡ: ಪರವಾನಗಿ ಯಾರದು, ಹೊಣೆ ಯಾರದು?



2021ರ ಆಗಸ್ಟ್‌ನಲ್ಲಿ ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೋಹೋಳ ತಾಲ್ಲೂಕಿನ ರೈತರೊಬ್ಬರು, ಯಾವ ಬೆಳೆಗೂ ಬೆಲೆ ಸಿಗದೆ ಬೇಸತ್ತು, ಎರಡು ಎಕರೆಯಲ್ಲಿ ಗಾಂಜಾ ಬೆಳೆಯಲು ಅನುಮತಿ ಕೇಳಿ ಜಿಲ್ಲಾಡಳಿತಕ್ಕೆ ಅರ್ಜಿ ಕೊಟ್ಟರು. ಸೆಪ್ಟೆಂಬರ್ 15ರೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದೇ ತಿಳಿದು ಬಿತ್ತುತ್ತೇನೆ ಎಂದೂ ಬರೆದಿದ್ದರು. ಅವರ ಸಂಕಟ ನಿಜ. ಆದರೆ ಈ ಬೆಳೆಯ ವಿಷಯದಲ್ಲಿ ಸರ್ಕಾರದ ಮೌನ ಒಪ್ಪಿಗೆಯಾಗುವುದಿಲ್ಲ. ಜತ್ತ ತಾಲ್ಲೂಕಿನ ನಮ್ಮ ರೈತರು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಪರವಾನಗಿ ಯಾರ ಕೈಯಲ್ಲಿದೆ?

1985ರ ಮಾದಕ ವಸ್ತು ಕಾಯ್ದೆಯ 10ನೇ ಕಲಂ ಗಾಂಜಾ ಗಿಡದ ಬೇಸಾಯಕ್ಕೆ ಅನುಮತಿ ಕೊಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು 14ನೇ ಕಲಂನಲ್ಲಿ ದಾರಿಯಿದೆ. ಉತ್ತರಾಖಂಡ ಈ ದಾರಿ ಹಿಡಿದು, ಅಮಲಿನ ಅಂಶ ಶೇ 0.3 ಮೀರದ ತಳಿಗೆ ಪರವಾನಗಿ ಕೊಡುತ್ತಿದೆ. ಅದನ್ನು ಮೊಬೈಲಿನಲ್ಲಿ ನೋಡಿ ಇಲ್ಲಿ ಬಿತ್ತುವಂತಿಲ್ಲ. ಒಂದು ರಾಜ್ಯದ ಪರವಾನಗಿ ಇನ್ನೊಂದು ರಾಜ್ಯದಲ್ಲಿ ನಡೆಯದು.

"ಬರೀ ಸೊಪ್ಪು ತಾನೇ?"

ಕೇಂದ್ರ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ-ಕಾಯಿಯ ತುದಿ. ತುದಿಯಿಲ್ಲದ ಎಲೆ, ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹಾಗೆಂದು ಭಂಗಿ ಸೊಪ್ಪಿಗೆ ಅಡ್ಡಿಯಿಲ್ಲ ಎನ್ನಬೇಡಿ. ಮಹಾರಾಷ್ಟ್ರದಲ್ಲಿ ಅದು 1949ರ ಪಾನನಿಷೇಧ ಕಾಯ್ದೆಯ ಹಿಡಿತದಲ್ಲಿದೆ. ಇನ್ನು ಪರವಾನಗಿಯಿಲ್ಲದೆ ಗಿಡ ಬೆಳೆಸುವುದೇ ಅಪರಾಧ: 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಇಟ್ಟುಕೊಂಡ ಗಾಂಜಾ 1 ಕಿಲೋದೊಳಗಿದ್ದರೆ ಶಿಕ್ಷೆ ಕಡಿಮೆ, 20 ಕಿಲೋ ಮೀರಿದರೆ ಬಹಳ ಹೆಚ್ಚು. ಬೆಳೆಸುವುದಕ್ಕೆ ಇಂಥ ತೂಕದ ಲೆಕ್ಕ ಇಲ್ಲ.

ಹೊಲದ ಮಾಲೀಕರ ಹೊಣೆ

ನಮ್ಮಲ್ಲಿ ಅನೇಕರು ಹೊಲವನ್ನು ಲಾವಣಿಗೋ ಪಾಲಿಗೋ ಕೊಟ್ಟು, ಕಬ್ಬು ಕಡಿಯಲು ಅಥವಾ ಬೇರೆ ದುಡಿಮೆಗೆ ತಿಂಗಳುಗಟ್ಟಲೆ ಊರು ಬಿಡುತ್ತಾರೆ. ಸಾತಬಾರಾ ಉತಾರೆಯಲ್ಲಿ ಹೆಸರು ಮಾತ್ರ ಅವರದೇ. ತನ್ನ ಜಮೀನಿನಲ್ಲಿ ಅಕ್ರಮ ಗಾಂಜಾ ಇದ್ದರೆ ಕೂಡಲೇ ತಿಳಿಸುವುದು ಜಮೀನುದಾರನ ಕರ್ತವ್ಯ ಎಂದು 46ನೇ ಕಲಂ ಹೇಳುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. ಸರಪಂಚರಿಗೂ ಗ್ರಾಮಾಧಿಕಾರಿಗಳಿಗೂ 47ನೇ ಕಲಂ ಇದೇ ಹೊಣೆ ಹೊರಿಸಿದೆ.

ಹಾಗಾದರೆ ಮಾಡಬೇಕಾದದ್ದೇನು?

• ಲಾವಣಿ ಕೊಡುವಾಗ ಯಾವ ಬೆಳೆ ಎಂಬುದನ್ನು ಕಾಗದದಲ್ಲಿ ಬರೆಸಿ.
• ಊರಿಗೆ ಬಂದಾಗಲೆಲ್ಲ ಬದುವಷ್ಟೇ ಅಲ್ಲ, ಬೆಳೆಯ ನಡುವೆಯೂ ಒಮ್ಮೆ ನಡೆದು ನೋಡಿ.
• ಗಿಡ ಕಂಡರೆ ಕಿತ್ತು ಮನೆಗೆ ತರಬೇಡಿ. ಪೊಲೀಸರಿಗೆ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ರಾಷ್ಟ್ರೀಯ ಸಹಾಯವಾಣಿ 1933ಕ್ಕೂ ಕರೆ ಮಾಡಬಹುದು.
• ಪಂಚನಾಮೆ ಮರಾಠಿಯಲ್ಲಿರುತ್ತದೆ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ ತಿಳಿದುಕೊಂಡೇ ಸಹಿ ಹಾಕಿ.

ನಾಳೆ ಕಾನೂನು ಬದಲಾಗಬಹುದು. ಬದಲಾಗುವ ತನಕ ಉತಾರೆಯಲ್ಲಿ ಹೆಸರಿದ್ದವರು ಎಚ್ಚರವಾಗಿರಲಿ. ಮನೆಯ ಹಿರಿಯರಿಗೂ ಇದನ್ನು ಓದಿ ಹೇಳಿ.