ಬಿಳಿನೀರನ್ನು ಓದುವವರು

ವಯನಾಡಿನಲ್ಲಿ ಸುರಿದ ಮಳೆಯ ಬಹುಪಾಲು ಕಬಿನಿಯಾಗಿ ಮೂಡಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಪಡುವಣದ ಅಂಚಿನಲ್ಲಿ ಬಿದ್ದ ನೀರಿಗೆ ಅಷ್ಟು ಸಾವಧಾನವಿಲ್ಲ. ಅದು ಘಟ್ಟದಿಂದ ನೇರವಾಗಿ ಧುಮುಕಿ, ತುಷಾರಗಿರಿಯ ಜಲಪಾತಗಳನ್ನು ದಾಟಿ, ಚಾಲಿಪ್ಪುಳವೆಂಬ ಹೊಳೆಯಾಗಿ ಕಲ್ಲಿಕೋಟೆ ಜಿಲ್ಲೆಯ ಕೋಡಂಚೇರಿಯ ತೋಟಗಳ ನಡುವೆ ಬಂಡೆಗಳಿಗೆ ಅಪ್ಪಳಿಸುತ್ತ ಇಳಿಯುತ್ತದೆ. ಬೇಸಗೆಯಲ್ಲಿ ಸೊರಗುವ ಈ ಹೊಳೆಗೆ ಕರ್ಕಾಟಕದ ಮಳೆಯಲ್ಲಿ ದೇಶವಿದೇಶಗಳ ಕಯಾಕ್ ಪಟುಗಳು ಬರುತ್ತಾರೆ. 2013ರಲ್ಲಿ ಆರಂಭವಾದ ಮಲಬಾರ್ ನದಿ ಉತ್ಸವದ ಸ್ಪರ್ಧೆಗಳು ಇಲ್ಲಿಯೂ ನೆರೆಯ ಇರುವಂಜಿಪ್ಪುಳದಲ್ಲಿಯೂ ನಡೆಯುತ್ತವೆ. ಗೆದ್ದವರಿಗೆ ‘ರ‍್ಯಾಪಿಡ್ ರಾಜ’, ‘ರ‍್ಯಾಪಿಡ್ ರಾಣಿ’ ಎಂಬ ಬಿರುದುಗಳಿವೆ.

ದಡದಲ್ಲಿ ನಿಂತವರಿಗೆ ಇದು ಎದೆಗಾರಿಕೆಯ ಆಟವಾಗಿ ಕಾಣುವುದು ಸಹಜ. ಆದರೆ ನುರಿತವರು ಮೊದಲು ಮಾಡುವ ಕೆಲಸ ನಡಿಗೆ. ಅಪರಿಚಿತ ಇಳಿಜಾರನ್ನು ಅವರು ದಡದಿಂದಲೇ ಬಹಳ ಹೊತ್ತು ನೋಡುತ್ತಾರೆ. ಬಂಡೆಯ ಹಿಂದೆ ನೀರು ಮೇಲ್ಮುಖವಾಗಿ ತಿರುಗಿ ನಿಲ್ಲುವ ತಾಣ ಎಲ್ಲಿದೆ? ದೋಣಿಗೆ ಅದೇ ತಂಗುದಾಣ. ಧುಮುಕಿದ ನೀರು ನೊರೆಯಾಗಿ ಹಿಂದಕ್ಕೇ ಉರುಳುವ ಗುಂಡಿ ಎಲ್ಲಿದೆ? ಅದು ದೋಣಿಯನ್ನೂ ಮನುಷ್ಯನನ್ನೂ ಮತ್ತೆ ಮತ್ತೆ ಒಳಗೆ ಸೆಳೆಯಬಲ್ಲದು. ಇವೆರಡಕ್ಕಿಂತಲೂ ಅವರು ಅಂಜುವುದು ಪ್ರವಾಹಕ್ಕೆ ಅಡ್ಡ ಬಿದ್ದ ಮರಕ್ಕೆ: ಕೊಂಬೆಗಳ ನಡುವೆ ನೀರು ಹಾದುಹೋಗುತ್ತದೆ, ದೇಹ ಸಿಕ್ಕಿಕೊಳ್ಳುತ್ತದೆ.

ನದಿಯ ಕಾಠಿಣ್ಯವನ್ನು ಅಳೆಯುವ ಅಂತಾರಾಷ್ಟ್ರೀಯ ಕ್ರಮದಲ್ಲಿ 6 ದರ್ಜೆಗಳಿವೆ. ಮಲೆಹೊಳೆಗೆ ಇಂಥ ಅಂಕೆಯನ್ನು ಶಾಶ್ವತವಾಗಿ ಅಂಟಿಸುವುದು ಕಷ್ಟ. ಘಟ್ಟದ ಮೇಲೆ ಒಂದೆರಡು ತಾಸು ಬಿರುಮಳೆಯಾದರೆ ಕೆಳಗೆ ಬಿಸಿಲಿದ್ದರೂ ಹೊಳೆ ಉಕ್ಕುತ್ತದೆ, ಬೆಳಗಿನ ದರ್ಜೆ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ನೀರು ಕದಡುವುದು, ತರಗೆಲೆ ಕಡ್ಡಿಗಳು ತೇಲಿಬರುವುದು, ಹೊಳೆಯ ಸದ್ದು ಬದಲಾಗುವುದು ಇದರ ಮುನ್ಸೂಚನೆಗಳು. ಹೊಳೆಬದಿಯ ಕೃಷಿಕರಿಗೆ ಇದನ್ನು ಯಾವ ತರಬೇತುದಾರನೂ ಕಲಿಸಬೇಕಾಗಿಲ್ಲ. ಈ ಮಲೆಗಳು ಮುನಿದರೆ ಏನಾಗುವುದೆಂಬುದನ್ನು 2024ರ ಜುಲೈ 30ರಂದು ಚೂರಲ್‌ಮಲ, ಮುಂಡಕ್ಕೈಗಳು ಕಂಡಿವೆ.

ಇರುವಂಜಿಪ್ಪುಳದ ಅರಿಪ್ಪಾರ, ಪತಂಕಯಂಗಳಲ್ಲಿ ನೀರಿಗಿಳಿದ ಪ್ರವಾಸಿಗರು ಮುಳುಗಿ ಸತ್ತ ಪ್ರಕರಣಗಳು ಒಂದೆರಡಲ್ಲ. ಅವರಲ್ಲಿ ಬಹಳ ಮಂದಿ ಎಳೆಯರು. ಶಿರಸ್ತ್ರಾಣ, ತೇಲುಕವಚ ತೊಟ್ಟು, ಮಗುಚಿದ ದೋಣಿಯನ್ನು ಒಳಗಿದ್ದೇ ನೇರಮಾಡಿಕೊಳ್ಳುವ ವಿದ್ಯೆ ಬಲ್ಲವನು ಹತ್ತು ಬಾರಿ ನೋಡಿ ಇಳಿಯುವ ಹೊಳೆಗೆ, ಈಜು ಬಾರದವರು ಚಿತ್ರ ತೆಗೆಸಿಕೊಳ್ಳಲು ಇಳಿಯುತ್ತಾರೆ. ಉತ್ಸವದ ಪ್ರಚಾರಫಲಕಗಳು ನೊರೆಯಲ್ಲಿ ಹಾರುವ ದೋಣಿಯನ್ನಷ್ಟೇ ತೋರಿಸುವುದು ಸಾಲದು.

ಅದೇ ಪಟುಗಳ ಇನ್ನೊಂದು ಚಿತ್ರವೂ ಅಲ್ಲಿ ಇರಬೇಕಾಗಿತ್ತು. ನೀರು ಏರಿದೆ, ದಾರಿ ಸರಿಯಿಲ್ಲ ಎಂದು ಕಂಡಾಗ ಅವರು ದೋಣಿಯನ್ನು ಹೆಗಲಿಗೇರಿಸಿ, ಕೆಸರುದಾರಿಯಲ್ಲಿ ನಡೆದೇ ಜಲಪಾತವನ್ನು ದಾಟುತ್ತಾರೆ. ಜೊತೆಗಾರರಲ್ಲಿ ಯಾರೂ ಅದಕ್ಕಾಗಿ ಅವರನ್ನು ನಗುವುದಿಲ್ಲ.