ತರ್ಕ ಕಲಿಸುವ ಗಣಕಯಂತ್ರ

“ತೇವ ಸಾಲದಿದ್ದರೆ ಶೇಂಗಾ ಗಿಡ ಬಾಡುತ್ತದೆ. ಗಿಡ ಬಾಡಿದೆ. ಆದುದರಿಂದ ತೇವ ಸಾಲದು.” ಕೊಂಡ್ಲಹಳ್ಳಿಯಂಥ ಬಯಲುಸೀಮೆಯ ಊರಿನಲ್ಲಿ ಈ ಮಾತು ಯಾರಿಗೂ ತಪ್ಪೆನಿಸಲಾರದು. ಆದರೆ ವಾಚಕರು ತುಸು ನಿಂತು ಯೋಚಿಸಬೇಕು. ತೇವವಿದ್ದೂ ಬೇರಿಗೆ ರೋಗ ತಗುಲಿದರೆ ಗಿಡ ಬಾಡುವುದಿಲ್ಲವೆ? ಈ ತರ್ಕವನ್ನು ನಂಬಿ ನೀರು ಕಟ್ಟುತ್ತ ಕುಳಿತರೆ ಮದ್ದು ಮಾಡುವ ಹೊತ್ತು ಮೀರೀತು.

ಇಂಥ ಎಡವಟ್ಟನ್ನು ನಮ್ಮ ನೈಯಾಯಿಕರು ಚೆನ್ನಾಗಿ ಬಲ್ಲವರಾಗಿದ್ದರು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಕೆಂಪಗೆ ಕಾದ ಕಬ್ಬಿಣದ ಗುಂಡೇ ಸಾಕ್ಷಿ ಎಂದರು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳಾಗಿ ವಾದವನ್ನು ಬಿಡಿಸಿಟ್ಟದ್ದೂ ಒಂದೊಂದು ಹೆಜ್ಜೆಯನ್ನು ಪರೀಕ್ಷಿಸಲೆಂದೇ.

ಶಾಲೆಯಲ್ಲಿ ಈ ಪರೀಕ್ಷೆಗೆ ಸಮಯ ಸಾಲದು. ವಿದ್ಯಾರ್ಥಿ ಇಂದು ಬರೆದ ಸಾಧನೆಯನ್ನು ಉಪಾಧ್ಯಾಯರು ತಿದ್ದಿ ಕೊಡುವಷ್ಟರಲ್ಲಿ ವಾರ ಕಳೆದಿರುತ್ತದೆ. ತಾನು ಹಾಗೇಕೆ ಬರೆದೆನೆಂಬುದೇ ಅವನಿಗೆ ಮರೆತಿರುತ್ತದೆ. ಗಣಕಯಂತ್ರ ನೆರವಾಗುವುದು ಇಲ್ಲಿ.

ಗಣಿತದ ಸಾಧನೆಯನ್ನು ಯಂತ್ರದಿಂದ ಪರಿಶೀಲಿಸುವ ‘ಆಟೊಮ್ಯಾತ್’ ಎಂಬ ಭಾಷೆಯನ್ನು ಹಾಲೆಂಡಿನ ಡಿ ಬ್ರೂಯಿನ್ ಎಂಬ ಗಣಿತಜ್ಞರು 1967ರಲ್ಲಿ ಆರಂಭಿಸಿದರು. ಇಂದು ಹೆಸರಾಗಿರುವ ‘ಲೀನ್’ ಎಂಬುದನ್ನು ಲಿಯೊನಾರ್ಡೊ ಡಿ ಮೌರಾ ಅವರು 2013ರಲ್ಲಿ ಮೊದಲುಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವಲ್ಲಿ, ಪ್ರಾಧ್ಯಾಪಕ ಸಿದ್ಧಾರ್ಥ ಗಾಡ್ಗೀಳರು ಇದನ್ನು ಬಳಸಿ ಪಾಠ ಹೇಳಿದ್ದಾರೆ.

ಅದರ ಕ್ರಮ ಹೀಗೆ. ಒಪ್ಪಿಕೊಂಡ ಮಾತುಗಳೂ ಸಾಧಿಸಬೇಕಾದ ಮಾತೂ ತೆರೆಯ ಮೇಲೆ ನಿಲ್ಲುತ್ತವೆ. ವಿದ್ಯಾರ್ಥಿ ಒಂದು ಹೆಜ್ಜೆ ಬರೆಯುತ್ತಾನೆ. ಸರಿಯಿದ್ದರೆ ಇನ್ನೇನು ಉಳಿದಿದೆಯೆಂದು ಯಂತ್ರ ತೋರಿಸುತ್ತದೆ; ತಪ್ಪಿದ್ದರೆ ಆ ಕ್ಷಣವೇ ತಡೆಯುತ್ತದೆ. ಶೇಂಗಾ ಗಿಡದ ವಾದವನ್ನು ಕೊಟ್ಟು ನೋಡಿ. ಮೊದಲ ಮಾತನ್ನು ಬಳಸಬೇಕಾದರೆ ‘ತೇವ ಸಾಲದು’ ಎಂಬುದು ಮೊದಲೇ ಕೈಯಲ್ಲಿರಬೇಕು. ನಮ್ಮ ಕೈಯಲ್ಲಿರುವುದು ‘ಗಿಡ ಬಾಡಿದೆ’ ಎಂಬುದಷ್ಟೆ. ಯಂತ್ರ ಒಪ್ಪುವುದಿಲ್ಲ. ‘ಗಿಡ ಬಾಡಿಲ್ಲ; ಆದುದರಿಂದ ತೇವ ಸಾಲುತ್ತದೆ’ ಎಂದು ತಿರುಗಿಸಿದರೆ ಒಪ್ಪುತ್ತದೆ. ಅದಕ್ಕೆ ದಾಕ್ಷಿಣ್ಯವಿಲ್ಲ, ಬೇಸರವೂ ಇಲ್ಲ. ನೂರು ಸಲ ತಪ್ಪಿದರೂ ನೂರೊಂದನೆಯ ಸಲ ನೋಡುತ್ತದೆ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕೆವಿನ್ ಬಜ಼ರ್ಡ್ ಮತ್ತು ಮೊಹಮ್ಮದ್ ಪೆದ್ರಮ್‌ಫರ್ ಅವರು 2019ರಲ್ಲಿ ಇದನ್ನೊಂದು ಆಟವಾಗಿಯೇ ರೂಪಿಸಿದರು. ಸೊನ್ನೆ ಮತ್ತು ‘ಮುಂದಿನ ಸಂಖ್ಯೆ’ ಇವೆರಡರಿಂದ ಹೊರಟು, ಸಂಖ್ಯೆಗಳನ್ನು ಹಿಂದುಮುಂದಾಗಿ ಕೂಡಿದರೂ ಮೊತ್ತವೊಂದೇ ಎಂಬುದನ್ನು ಆಡುವವರೇ ಸಾಧಿಸಬೇಕು. ನಾವು ಬಾಯಿಪಾಠದಿಂದ ಬಲ್ಲ ಸಂಗತಿಗೂ ಕಾರಣ ಬೇಕೆಂಬುದು ಆಗ ಮನಸ್ಸಿಗೆ ನಾಟುತ್ತದೆ.

ಹಾಗಾದರೆ ಗುರು ಬೇಡವೆ? ಬೇಕು. ಯಂತ್ರ ಹೆಜ್ಜೆಯನ್ನು ಬಲ್ಲುದು, ತಿರುಳನ್ನಲ್ಲ. 2017ರ ಡಿಸೆಂಬರಿನಲ್ಲಿ ಬೀಜಗಣಿತದ ಪ್ರಶ್ನೆಯೊಂದನ್ನು ಟೆರೆನ್ಸ್ ಟಾವೊ ಅವರು ವಿದ್ವಾಂಸರ ಮುಂದಿಟ್ಟಾಗ, ಗಾಡ್ಗೀಳರು ಗಣಕಯಂತ್ರದಿಂದ ಉದ್ದನೆಯ ಸಾಧನೆಯೊಂದನ್ನು ಬರೆಸಿದರು. ಅದು ಉತ್ತರದ ಒಂದು ಭಾಗ ಮಾತ್ರ. ಅಮೆರಿಕದ ಪೇಸ್ ನೀಲ್ಸನ್ನರು ಅದನ್ನು ಓದಿ ಒಳಗಿನ ಯುಕ್ತಿಯನ್ನು ಎತ್ತಿಹಿಡಿದರು. ಕೆಲವೇ ದಿನಗಳಲ್ಲಿ ಪ್ರಶ್ನೆ ಬಗೆಹರಿಯಿತು. ಸಾಲುಗಳು ಯಂತ್ರದವು, ಅರ್ಥ ಮನುಷ್ಯನದು.

ಇನ್ನೊಂದು ಮಾತು. ಒಪ್ಪಿಕೊಂಡ ಮಾತೇ ಸುಳ್ಳಾಗಿದ್ದರೆ ಯಂತ್ರ ಅದನ್ನು ಕಂಡುಹಿಡಿಯಲಾರದು. ಸುಳ್ಳಿನಿಂದ ಹೊರಟ ಸರಿಯಾದ ತರ್ಕಕ್ಕೂ ಅದು ಒಪ್ಪಿಗೆಯ ಮುದ್ರೆ ಒತ್ತುತ್ತದೆ. ಗಿಡದ ಬೇರನ್ನು ಕಿತ್ತು ನೋಡುವ ಕೆಲಸ ನಮ್ಮದೇ. ನಿಮ್ಮ ಮಕ್ಕಳು ‘ಆದುದರಿಂದ’ ಎಂದು ಹೇಳಿದಾಗಲೆಲ್ಲ ‘ಯಾವುದರಿಂದ?’ ಎಂದು ಕೇಳಿರಿ. ಅದಕ್ಕೆ ಯಂತ್ರವೂ ಬೇಡ, ವಿದ್ಯುತ್ತೂ ಬೇಡ.