ಕೋಡಿಯ ಮಠದ ಅನ್ನ ಮತ್ತು ಅಕ್ಷರ

ಪ್ರಶ್ನೆ: ದಾಖಲೆಯಿಲ್ಲದ ವಲಸಿಗರ ಮಕ್ಕಳ ಶಾಲೆಯ ಖರ್ಚಿನ ಬಗ್ಗೆ ನಮ್ಮೂರಲ್ಲಿ ವಾದ ನಡೆದಿದೆ. ಹಿಂದೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಪರಸ್ಥಳದವರಿಗೆ ಆಶ್ರಯವಿತ್ತೆ?

ಉತ್ತರ: ಕಳಚುರಿ ದೊರೆ ಬಿಜ್ಜಳನ ಕಾಲದ 1162ರ ಶಾಸನವು, ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಸನ್ನಿಧಿಯ ಕೋಡಿಯ ಮಠವನ್ನು, ವೇದವೇದಾಂಗ, ವ್ಯಾಕರಣ, ಬೌದ್ಧವೂ ಸೇರಿದ ದರ್ಶನಗಳ ವ್ಯಾಖ್ಯಾನಸ್ಥಾನವೆಂದೂ, ದೀನರಿಗೂ ಕುಂಟ ಕುರುಡರಿಗೂ ನಾನಾ ದೇಶಗಳ ಭಿಕ್ಷುಕರಿಗೂ ಅನ್ನವನ್ನು, ಅನಾಥ ರೋಗಿಗಳಿಗೆ ಔಷಧವನ್ನು ನೀಡುವ ಸ್ಥಾನವೆಂದೂ ಬಣ್ಣಿಸುತ್ತದೆ. ವೆಚ್ಚಕ್ಕೆ ಆಧಾರ ದತ್ತಿಭೂಮಿಯ ಉತ್ಪತ್ತಿ. ಅನ್ನದಂತೆ ಅಧ್ಯಯನವೂ ಸರ್ವರಿಗೆ ತೆರೆದಿತ್ತೆಂದು ಮಾತ್ರ ಶಾಸನವು ಹೇಳದು. ಇಂದಾದರೋ, 2002ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 21ಎ ವಿಧಿಯು, ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣವನ್ನು ವಿಧಿಸುವಾಗ, ನಾಗರಿಕರ ಮಕ್ಕಳೆಂದು ಮಿತಿ ಹಾಕಿಲ್ಲ.